ಓದಲು ತೊಡಕುಳ್ಳ ಮಕ್ಕಳು ಮತ್ತು ಧ್ವನಿಯಂತ್ರದ ನೆರವು

ನಮ್ಮ ವ್ಯಾಕರಣ ಪರಂಪರೆಯಲ್ಲಿ ಅಕ್ಷರಕ್ಕೆ ಎರಡು ರೂಪಗಳನ್ನು ಹೇಳುವುದುಂಟು. ಕಿವಿಗೆ ಕೇಳಿಸುವುದು ಶ್ರಾವಣ. ಕಣ್ಣಿಗೆ ಕಾಣಿಸುವುದು ಚಾಕ್ಷುಷ. ಓದುವುದೆಂದರೆ ಕಣ್ಣು ಕಂಡ ರೂಪಕ್ಕೆ ಕಿವಿ ಬಲ್ಲ ಧ್ವನಿಯನ್ನು ಕ್ಷಣಮಾತ್ರದಲ್ಲಿ ಹೊಂದಿಸುವುದು. ಬಹುಪಾಲು ಮಕ್ಕಳಲ್ಲಿ ಈ ಬೆಸುಗೆ ಅಭ್ಯಾಸಬಲದಿಂದ ಕೂಡಿಬರುತ್ತದೆ. ಕೆಲವರಲ್ಲಿ ಎಷ್ಟು ತಿದ್ದಿಸಿದರೂ ಸುಲಭವಾಗಿ ಕೂಡದು. ಅಂಥ ಮಕ್ಕಳ ವಿಷಯವಾಗಿ ಅಧ್ಯಾಪಕ ಬಂಧುಗಳಲ್ಲಿಯೂ ಪಾಲಕರಲ್ಲಿಯೂ ನಾಲ್ಕು ಮಾತುಗಳನ್ನು ನಿವೇದಿಸುವುದು ಈ ಲೇಖನದ ಉದ್ದೇಶ.

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಎಂಬವರು 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಲಕನು ಚುರುಕುಬುದ್ಧಿಯವನು, ಆಟದಲ್ಲಿ ಹಿಂದಲ್ಲ, ಲೆಕ್ಕವನ್ನೂ ಬಲ್ಲ. ಓದು ಮಾತ್ರ ಬಾರದು. ಇದನ್ನೇ ಇಂದು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇದು ಬುದ್ಧಿಮಾಂದ್ಯವಲ್ಲ, ದೃಷ್ಟಿದೋಷವಲ್ಲ, ಸೋಮಾರಿತನವಂತೂ ಅಲ್ಲ. ಮಿದುಳು ಭಾಷೆಯ ಧ್ವನಿಗಳನ್ನು ಗ್ರಹಿಸಿ ಜೋಡಿಸುವ ಬಗೆಯಲ್ಲಿನ ಹುಟ್ಟುಭೇದ. ಅನೇಕ ವೇಳೆ ವಂಶಪಾರಂಪರ್ಯವಾಗಿಯೂ ಬರುವಂಥದು. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ಬಗೆಗಳಲ್ಲಿ ಒಂದಾಗಿ ಸೇರಿಸಿದೆ.

ಇಷ್ಟನ್ನು ತಿಳಿಯುವ ಮೊದಲು ನಾನು ಮಾಡಿದ ತಪ್ಪನ್ನು ಮುಚ್ಚಿಡಲಾರೆ. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಮ್ಮೆ ಕೇಳಿದ ಪಾಠವನ್ನು ಸಾರಸಹಿತ ಒಪ್ಪಿಸುತ್ತಿದ್ದ. ಪುಸ್ತಕ ಕೈಗಿತ್ತರೆ ಬೆವರುತ್ತಿದ್ದ. ಇಷ್ಟೊಂದು ಬಲ್ಲವನಿಗೆ ಓದು ಬಾರದೆಂದರೇನೆಂದು ಉದಾಸೀನದ ಆರೋಪ ಹೊರಿಸಿ, ಅನೇಕ ಸಲ ಬೆಂಚಿನ ಮೇಲೆ ನಿಲ್ಲಿಸಿದೆ. ಆಮೇಲೆ ಅವನು ನನ್ನ ಅವಧಿಗೆ ಬರುವುದನ್ನೇ ತಪ್ಪಿಸತೊಡಗಿದ.

ಬರೆದಂತೆ ಓದುವ ಕನ್ನಡದಲ್ಲಿ ಈ ತೊಡಕು ಇರಲಾರದೆಂದು ಭಾವಿಸುವುದು ಸರಿಯಲ್ಲ. ವರ್ಣಮಾಲೆ ಚಿಕ್ಕದಾದರೂ ಕಾಗುಣಿತ, ಒತ್ತಕ್ಷರಗಳು ಸೇರಿ ಮಗುವು ಗುರುತಿಸಬೇಕಾದ ರೂಪಗಳು ನೂರಾರು ಆಗುತ್ತವೆ. ದ, ಧ, ಥಗಳ ನಡುವೆ ಇರುವುದು ಸಣ್ಣ ಗೆರೆ ಚುಕ್ಕೆಗಳ ಅಂತರ. ‘ಸೂರ್ಯ’ ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅದರ ಅರ್ಕಾವೊತ್ತನ್ನು ಬರೆಯುವುದು ಯಕಾರದ ನಂತರ. ಕಣ್ಣಿನ ಕ್ರಮವೇ ಬೇರೆ, ಕಿವಿಯ ಕ್ರಮವೇ ಬೇರೆ. ಇಂಥ ಲಿಪಿಯಲ್ಲಿ ತಪ್ಪು ಓದಿಗಿಂತಲೂ ಅತಿನಿಧಾನದ ಓದೇ ಮುಖ್ಯ ಲಕ್ಷಣವಾಗಿರುವುದುಂಟು. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ.

ಇಲ್ಲಿ ಯಂತ್ರವು ನೆರವಾಗಬಲ್ಲದು. ಇಂದಿನ ಕಂಪ್ಯೂಟರು, ಮೊಬೈಲು ಫೋನುಗಳು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಬಲ್ಲವು. ಉಚ್ಚರಿಸುತ್ತಿರುವ ಪದಕ್ಕೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯವೂ ಕೆಲವದರಲ್ಲಿ ಉಂಟು. ಹೀಗೆ ಶ್ರಾವಣ ಚಾಕ್ಷುಷಗಳೆರಡೂ ಏಕಕಾಲಕ್ಕೆ ಮಗುವಿಗೆ ಒದಗುತ್ತವೆ. ವೇಗವನ್ನು ತಗ್ಗಿಸಬಹುದು, ಅಕ್ಷರವನ್ನು ಹಿಗ್ಗಿಸಬಹುದು. ಅಕ್ಷರಗಳ ನಡುವಣ ಅಂತರವನ್ನು ಹೆಚ್ಚಿಸಿದಾಗ ಇಟಲಿ, ಫ್ರಾನ್ಸ್ ದೇಶಗಳ ಇಂಥ ಮಕ್ಕಳು ಹೆಚ್ಚು ಸರಿಯಾಗಿ, ಹೆಚ್ಚು ವೇಗವಾಗಿ ಓದಿದರೆಂದು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸುತ್ತದೆ.

ಆದರೆ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ. ಪುಟದ ಚಿತ್ರ ತೆಗೆದು ಓದಿಸುವಾಗ ಒತ್ತಕ್ಷರಗಳು ತಪ್ಪಾಗುವುದುಂಟು. ಅಧ್ಯಾಪಕರು ಮೊದಲೇ ತಿದ್ದಿಕೊಳ್ಳಬೇಕು. ಪದ್ಯದಲ್ಲಿ ಎಲ್ಲಿ ನಿಲ್ಲಬೇಕೆಂಬುದು ಅದಕ್ಕೆ ತಿಳಿಯದು. ಆದಕಾರಣ ನಾನು ಪಾಠಗಳನ್ನು ನನ್ನ ಧ್ವನಿಯಲ್ಲಿಯೇ ನಿಧಾನವಾಗಿ ಓದಿ ಫೋನಿನಲ್ಲಿ ಮುದ್ರಿಸಿ ಆ ಹುಡುಗನಿಗೆ ಕೊಟ್ಟೆ. ಮೊದಲು ಸಾಲಿನಡಿ ಬೆರಳಿಟ್ಟು ಕೇಳುವುದು, ಬಳಿಕ ಧ್ವನಿಯೊಡನೆ ಓದುವುದು, ಕೊನೆಗೆ ಒಬ್ಬನೇ ಓದುವುದು: ದಿನಕ್ಕೆ ಹದಿನೈದು ನಿಮಿಷ, ಅಷ್ಟೇ.

ಕೇಳಿಸಿಕೊಂಡೇ ಕಲಿತರೆ ಓದುವ ಗೋಜಿಗೇ ಹೋಗುವುದಿಲ್ಲವಲ್ಲ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಕೇಳುವುದರಿಂದಲೇ ಓದು ಬಾರದು; ಧ್ವನಿ, ಅಕ್ಷರ, ಗುಣಿತ, ಒತ್ತುಗಳನ್ನು ಕ್ರಮವಾಗಿ ಬಿಡಿಸಿ ಕಲಿಸುವ ಕೆಲಸ ಬೇರೆಯಾಗಿ ನಡೆಯಲೇಬೇಕು. ಆದರೆ ಆ ಬೆಸುಗೆ ಕೂಡುವ ತನಕ ಇತಿಹಾಸ, ವಿಜ್ಞಾನಗಳ ತಿಳಿವಳಿಕೆಯನ್ನು ಅವನಿಂದ ತಡೆಹಿಡಿಯುವುದು ನ್ಯಾಯವಲ್ಲ. ಓದನ್ನು ಕಲಿಸುವುದು ಒಂದು, ವಿಷಯವನ್ನು ಕಲಿಸುವುದು ಮತ್ತೊಂದು.

ಆ ಹುಡುಗನು ಈಗಲೂ ನಿಧಾನವಾಗಿಯೇ ಓದುತ್ತಾನೆ. ಆದರೆ ನನ್ನ ಅವಧಿಯನ್ನು ತಪ್ಪಿಸುವುದನ್ನು ಬಿಟ್ಟ. ಪುಸ್ತಕ ಕಂಡರೆ ಹಿಂದೆ ಸರಿಯುವುದನ್ನೂ ಬಿಟ್ಟ.

ಕಡೆಯದಾಗಿ ಒಂದು ವಿಜ್ಞಾಪನೆ. ಓದಲಾರದ ಮಗುವನ್ನು ದಂಡಿಸುವ ಮುನ್ನ ಅದೇ ಪಾಠವನ್ನು ನೀವೇ ಓದಿ ಹೇಳಿ ಪ್ರಶ್ನೆ ಕೇಳಿರಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಿ, ಓದಬೇಕಾದಾಗ ಮಾತ್ರ ಸೋತರೆ, ಕಣ್ಣು ಕಿವಿಗಳ ಪರೀಕ್ಷೆ ಮಾಡಿಸಿ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ತಜ್ಞರಿಗೆ ತೋರಿಸುವಂತೆ ಪಾಲಕರಿಗೆ ತಿಳಿಸಿರಿ. ಆ ಒಂದು ಪ್ರಶ್ನೆಯನ್ನು ನಾನು ತಡವಾಗಿ ಕೇಳಿದೆ, ತಾವು ತಡಮಾಡಬಾರದು.