ಶಸ್ತ್ರಚಿಕಿತ್ಸೆಯಾದ ಮೊಣಕಾಲು ಮತ್ತು ಮನೆಯವರ ಕರ್ತವ್ಯ

ಕೊಡಗಿನಲ್ಲಿ ಬೇಸಿಗೆ ಬಂತೆಂದರೆ ಹಾಕಿಯ ಹಬ್ಬವೂ ಬಂತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಪಂದ್ಯಾವಳಿಯಲ್ಲಿ ಒಂದೇ ಮನೆತನದ ಹಿರಿಯರೂ ಕಿರಿಯರೂ ಕೂಡಿ ಆಡುವರು. ಆಟದ ಉಲ್ಲಾಸದೊಡನೆ ಅದರ ಅಪಾಯವೂ ಮನೆಯ ಪಾಲಿಗೆ ಬರುವುದುಂಟು. ಪಾದವು ನೆಲದಲ್ಲಿ ಊರಿರುವಾಗ ದೇಹವು ಥಟ್ಟನೆ ತಿರುಗಿದರೆ, ಮೊಣಕಾಲಿನೊಳಗೆ ಮೂಳೆಗೂ ಮೂಳೆಗೂ ಕಟ್ಟಾಗಿರುವ ಮುಂದಣ ಲಿಗಮೆಂಟು ಹರಿಯಬಹುದು. ಆಗ ವೈದ್ಯರು ರೋಗಿಯ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ ಒಂದು ತುಂಡನ್ನು ತೆಗೆದು, ಹೊಸ ಕಟ್ಟನ್ನು ರಚಿಸುವರು.

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳ ಕೆಲಸ. ಕಾಲನ್ನು ಮರಳಿ ಪಡೆಯುವುದು ತಿಂಗಳುಗಳ ಕೆಲಸ. ಅದು ನಡೆಯುವುದು ಬಹುಮಟ್ಟಿಗೆ ಮನೆಯಲ್ಲಿಯೇ. ಇಲ್ಲಿ ಮನೆಯವರ ಪ್ರೀತಿಯೇ ಒಮ್ಮೊಮ್ಮೆ ಕೇಡು ಮಾಡುವುದು. ನೋವಿನಿಂದ ನರಳುವ ಮಗನ ಮಂಡಿಯ ಕೆಳಗೆ ತಾಯಿಯು ಮೆತ್ತನೆಯ ದಿಂಬನ್ನಿಡುವಳು. ಆ ಕ್ಷಣಕ್ಕೆ ಹಾಯೆನಿಸುವುದು ನಿಜ. ಆದರೆ ಬಾಗಿಯೇ ಇರುವ ಕೀಲು ಬಾಗಿದಂತೆಯೇ ಬಿಗಿದುಕೊಳ್ಳುವುದು. ಒಳಗೆ ಕಲೆಯ ಅಂಗಾಂಶ ಬೆಳೆಯುವುದು. ಪೂರ್ಣ ಚಾಚದ ಕಾಲು ಕುಂಟುವುದು. ದಿಂಬನ್ನು ಹಿಮ್ಮಡಿಯ ಕೆಳಗಿಡಿರಿ. ಮಂಡಿಯು ತನ್ನ ಭಾರದಿಂದಲೇ ನೇರವಾಗಲಿ. ಮಡಿಸುವುದಕ್ಕಿಂತ ಮೊದಲು ಚಾಚುವುದನ್ನು ಗಳಿಸತಕ್ಕದ್ದು.

ಅದರೊಡನೆ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದು ಸಡಿಲಿಸುವುದು, ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಳ್ಳುವುದು, ಇವನ್ನು ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವಾಗಿ ಮಾಡಬೇಕು. ಸಾಮಾನ್ಯವಾಗಿ ಎರಡು ವಾರಗಳ ಸುಮಾರಿಗೆ 90 ಡಿಗ್ರಿಗಳಷ್ಟು, ಆರು ವಾರಗಳಲ್ಲಿ 120ರಷ್ಟು ಬಾಗುವುದನ್ನು ನಿರೀಕ್ಷಿಸುವರು. ಮಂಡಿಯೊಳಗಣ ಮೆತ್ತೆಯನ್ನೂ ಹೊಲಿದಿದ್ದರೆ ಈ ಲೆಕ್ಕ ಬೇರೆ. ಅಲ್ಲಿ ವೈದ್ಯರ ಮಾತೇ ಪ್ರಮಾಣ. ವ್ಯಾಯಾಮದ ಮರುದಿನ ಊತ ಹೆಚ್ಚಿದರೆ ಶ್ರಮ ಮಿತಿಮೀರಿತೆಂದು ತಿಳಿದು ತಗ್ಗಿಸಬೇಕು. ಮೀನಖಂಡದಲ್ಲಿ ನೋವು ಮತ್ತು ಬಾವು, ಜ್ವರ, ಗಾಯದಿಂದ ಕೀವು, ಉಸಿರಾಟದ ತೊಂದರೆ, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ತಿಂಗಳಲ್ಲಿ ಇನ್ನೊಂದು ಮೋಸ ಕಾದಿರುವುದು. ನೋವು ಅಡಗಿರುತ್ತದೆ, ಕಾಲು ಗಟ್ಟಿಯಾದಂತೆ ತೋರುತ್ತದೆ. ಆದರೆ ಒಳಗಣ ಹೊಸ ಕಟ್ಟು ಇನ್ನೂ ಬಲಿಯುತ್ತಿರುವ ಕಾಲವದು. ಮಳೆಗಾಲದ ಪಾಚಿಗಟ್ಟಿದ ಅಂಗಳ, ಕಾಫಿ ತೋಟದ ಜಾರುವ ಇಳಿಜಾರು, ಚಕ್ಕಳಮಕ್ಕಳ ಹಾಕಿ ಕುಳಿತುಣ್ಣುವ ಅಭ್ಯಾಸ, ಇವುಗಳಿಗೆ ವೈದ್ಯರ ಅಪ್ಪಣೆ ದೊರೆಯುವವರೆಗೂ ಕಾಯಬೇಕು. ಮೈದಾನಕ್ಕಂತೂ ಒಂಬತ್ತು ತಿಂಗಳಿಗೆ ಮೊದಲು ಇಳಿಯದಿರುವುದೇ ಲೇಸು. ಆಗಲೂ ಎರಡು ಕಾಲುಗಳ ಬಲವನ್ನು ಪರೀಕ್ಷಿಸಿಯೇ ಇಳಿಯತಕ್ಕದ್ದು.

ಕಾಯುವಿಕೆ ವ್ಯರ್ಥವಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಸೋಮವಾರಪೇಟೆಯ ಎಸ್. ವಿ. ಸುನಿಲ್ ಅವರು ಮೊಣಕಾಲಿನ ಪೆಟ್ಟಿನಿಂದ 2018ರಲ್ಲಿ ಭುವನೇಶ್ವರದಲ್ಲಿ ನಡೆದ ವಿಶ್ವಕಪ್ಪನ್ನು ಕಳೆದುಕೊಂಡರು. 2019ರ ನವೆಂಬರಿನಲ್ಲಿ ಅದೇ ಊರಿನಲ್ಲಿ ರಷ್ಯದ ಎದುರು ನಡೆದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಅವರೇ ಒಂದು ಗೋಲನ್ನು ಹೊಡೆದರು.

ಆದುದರಿಂದ ಮನೆಯ ಹಿರಿಯರು ರೋಗಿಯನ್ನು ಅವಸರಪಡಿಸಲೂಬಾರದು, ಅತಿಯಾಗಿ ಮುದ್ದಿಸಲೂಬಾರದು. ಹೊತ್ತುಹೊತ್ತಿಗೆ ಬಳಿಯಲ್ಲಿ ಕುಳಿತು ಅವನ ವ್ಯಾಯಾಮವನ್ನು ಎಣಿಸುವ ಒಬ್ಬರಿದ್ದರೆ, ಅದಕ್ಕಿಂತ ಮಿಗಿಲಾದ ಶುಶ್ರೂಷೆ ಬೇರೊಂದಿಲ್ಲ.