ದೋಣಿಯಲ್ಲಿ ಬ್ಯಾಟರಿಗೆ ಜಾಗ ಎಲ್ಲಿ?

ಕುಂದಾಪುರದ ಕಡೆಯ ಓದುಗರೊಬ್ಬರು ತಮ್ಮ ಪಾತಿ ದೋಣಿಗೆ ಚಿಕ್ಕ ವಿದ್ಯುತ್ ಮೋಟಾರು ಹಾಕಿಸುತ್ತಿದ್ದಾರೆ. ಜೊತೆಗೆ ಸೀಸದ ಬ್ಯಾಟರಿ ಎರಡು, ಒಂದೊಂದೂ ಸುಮಾರು 30 ಕಿಲೋ. ಎಲ್ಲಿಡಬೇಕೆಂದು ವಿಚಾರಿಸಿದಾಗ ಸಿಕ್ಕ ಸಲಹೆ: ‘ಮೋಟಾರಿನ ಪಕ್ಕಕ್ಕೇ ಇಡಿ, ವೈರು ಉಳಿಯುತ್ತದೆ.’ ವೈರಿನ ಮಟ್ಟಿಗೆ ಮಾತು ಸರಿ. ಆದರೆ ಬ್ಯಾಟರಿಯ ವಿದ್ಯುತ್ತಿಗಿಂತ ಮೊದಲು ದೋಣಿಗೆ ತಾಗುವುದು ಅದರ ತೂಕ.

ಎತ್ತಿನ ಗಾಡಿಗೆ ಹುಲ್ಲು ಹೇರುವವರನ್ನು ನೋಡಿ. ಹೊರೆ ಹಿಂದಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಗಂಟಲಿಗೆ ಬರುತ್ತದೆ; ಮುಂದಾದರೆ ಹೆಗಲು ಕುಸಿಯುತ್ತದೆ. ಅದಕ್ಕೇ ಅಚ್ಚಿನ ಆಚೀಚೆ ಅಳೆದಂತೆ ಹೇರುತ್ತಾರೆ. ಹೊರೆ ಎಷ್ಟು ಎಂಬುದರ ಜೊತೆಗೆ ಅಚ್ಚಿನಿಂದ ಎಷ್ಟು ದೂರ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ ದೋಣಿಯ ಹಿಂತುದಿಯಲ್ಲಿ ಆಗಲೇ ಮೋಟಾರು ಇದೆ, ಅದನ್ನು ನಡೆಸುವವರೂ ಅಲ್ಲೇ ಕೂರುತ್ತಾರೆ. 60 ಕಿಲೋ ಬ್ಯಾಟರಿಯೂ ಅಲ್ಲಿಗೇ ಹೋದರೆ ಹಿಂಭಾಗ ಮುಳುಗಿ ಮೂತಿ ಮೇಲೇಳುತ್ತದೆ. ಗಾಳಿ ಆ ಮೂತಿಯನ್ನು ತಿರುಗಿಸುತ್ತದೆ, ಮುಳುಗಿದ ಹಿಂಭಾಗ ನೀರನ್ನು ಎಳೆದುಕೊಂಡು ಸಾಗುತ್ತದೆ. ವೈರಿನಲ್ಲಿ ಉಳಿಸಿದ್ದು ಹೀಗೆ ನೀರಿಗೆ ಹೋಗುತ್ತದೆ. ಆದ್ದರಿಂದ ಬ್ಯಾಟರಿ ನಡುವಿಗೆ, ಒಬ್ಬರೇ ಹೋಗುವ ದೋಣಿಯಾದರೆ ನಡುವಿಗಿಂತ ತುಸು ಮುಂದಕ್ಕೆ ಬರಬೇಕು.

ಇನ್ನು ಬ್ಯಾಟರಿ ಎಷ್ಟು ಎತ್ತರದಲ್ಲಿರಬೇಕು ಎಂಬ ಪ್ರಶ್ನೆ. ಇದರ ಗಣಿತ ಹುಟ್ಟಿದ ಕಥೆ ನನಗೆ ಬಲು ಇಷ್ಟ. ಭೂಮಿಯ ಆಕಾರ ಅಳೆಯಲೆಂದು 1735ರಲ್ಲಿ ದಕ್ಷಿಣ ಅಮೆರಿಕಕ್ಕೆ ಹೊರಟ ಫ್ರೆಂಚ್ ತಂಡದಲ್ಲಿ ಪಿಯೆರ್ ಬೂಗೇ ಇದ್ದರು. ಆಂಡಿಸ್ ಪರ್ವತಗಳಲ್ಲಿ ವರ್ಷಗಟ್ಟಲೆ ಅಳತೆ ಮಾಡುತ್ತಿದ್ದಾಗಲೇ ಅವರು ಹಡಗುಗಳ ಬಗ್ಗೆ ಬರೆದರು. ಪುಸ್ತಕ 1746ರಲ್ಲಿ ಹೊರಬಂತು. ದೋಣಿ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ, ನೀರು ಮೇಲಕ್ಕೊತ್ತುವ ಜಾಗ ವಾಲಿದ ಬದಿಗೆ ಸರಿಯುತ್ತದೆ. ಆ ಒತ್ತಡದ ಗೆರೆ ದೋಣಿಯ ನಡುಗೆರೆಯನ್ನು ಕೂಡುವ ಬಿಂದುವನ್ನು ಬೂಗೇ ಮೆಟಾಸೆಂಟರ್ ಎಂದು ಕರೆದರು. ಒಟ್ಟು ಭಾರದ ಕೇಂದ್ರ ಅದಕ್ಕಿಂತ ಕೆಳಗಿದ್ದರೆ ದೋಣಿ ತಾನಾಗಿ ನೆಟ್ಟಗಾಗುತ್ತದೆ. ಮೇಲಿದ್ದರೆ ಇನ್ನಷ್ಟು ವಾಲುತ್ತದೆ.

ಈ ಬಿಂದು ಎಷ್ಟು ಮೇಲಿರುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ದೋಣಿಯ ಅಗಲ, ಅದೂ ಅಗಲದ ಘನ. ಅಗಲ ಇಮ್ಮಡಿಯಾಗಿ ತೂಕ ಅಷ್ಟೇ ಉಳಿದರೆ ನೀರು ಮೇಲಕ್ಕೊತ್ತುವ ಜಾಗದಿಂದ ಈ ಬಿಂದುವಿಗಿರುವ ಎತ್ತರ ಎಂಟು ಪಟ್ಟಾಗುತ್ತದೆ. ಕೇರಳದ ವೈಕಂನಲ್ಲಿ 2017ರಿಂದ ಓಡುತ್ತಿರುವ ‘ಆದಿತ್ಯ’ ಸೌರ ದೋಣಿ ಚಾವಣಿಯ ಮೇಲೆ ಫಲಕಗಳ ಭಾರ ಹೊತ್ತೂ ಭದ್ರವಾಗಿ ಸಾಗುವುದು ಅದಕ್ಕೇ: ಅವಳಿ ಒಡಲು, 7 ಮೀಟರ್ ಅಗಲ. ಮೊಣಕೈ ಚಾಚಿದರೆ ಅಂಚಿಗೆ ತಾಗುವ ಪಾತಿಗೆ ಆ ಭಾಗ್ಯವಿಲ್ಲ. ದೋಣಿ, ಜನ, ಮೋಟಾರು, ಬ್ಯಾಟರಿ ಸೇರಿ 300 ಕಿಲೋ ಎಂದಿಟ್ಟುಕೊಳ್ಳಿ. 60 ಕಿಲೋ ಬ್ಯಾಟರಿಯನ್ನು ಕೂರುವ ಹಲಗೆಯಿಂದ 40 ಸೆಂಟಿಮೀಟರ್ ಕೆಳಗಿಳಿಸಿದರೆ ಒಟ್ಟು ಭಾರದ ಕೇಂದ್ರ 8 ಸೆಂಟಿಮೀಟರ್ ಇಳಿಯುತ್ತದೆ. ಅಗಲ ದೋಣಿಗೆ ಇದು ಅಲ್ಪ, ಪಾತಿಗೆ ಪ್ರಾಣ. 1882ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಓಡಿದ ‘ಎಲೆಕ್ಟ್ರಿಸಿಟಿ’ ದೋಣಿಯಲ್ಲೂ 45 ಬ್ಯಾಟರಿಗಳನ್ನು ನೆಲಹಲಗೆ ಮತ್ತು ಆಸನಗಳ ಅಡಿಯಲ್ಲೇ ಇಟ್ಟಿದ್ದರು. ಲಿಥಿಯಂ ಬ್ಯಾಟರಿ ಹಗುರ, ಎಲ್ಲಿಟ್ಟರೂ ನಡೆದೀತು ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಇಷ್ಟೇ ಸಾಮರ್ಥ್ಯದ ಲಿಥಿಯಂ ಜೋಡಿಗೂ ಇಪ್ಪತ್ತು ಕಿಲೋ ದಾಟುತ್ತದೆ.

ನಡುವಿಗೆ ತಂದರೆ ವೈರು ಉದ್ದವಾಗುತ್ತದೆ, ನಿಜ. ಮೂರು ಮೀಟರ್ ದೂರಕ್ಕೆ ಹೋಗಿಬರುವ ತಂತಿ ಆರು ಮೀಟರ್. 12 ವೋಲ್ಟ್ ಮೋಟಾರು 50 ಆಂಪಿಯರ್ ಎಳೆಯುವಾಗ 6 ಚದರ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 0.9 ವೋಲ್ಟ್ ದಾರಿಯಲ್ಲೇ ಬಿಸಿಯಾಗಿ ಕಳೆಯುತ್ತದೆ. 25 ಚದರ ಮಿಲಿಮೀಟರಿನದು ಹಾಕಿದರೆ ಕಾಲು ವೋಲ್ಟಿಗೂ ಕಡಿಮೆ. ದುಡ್ಡು ಹೆಚ್ಚಾದರೂ ದಪ್ಪ ತಂತಿಯನ್ನೇ ಕೊಳ್ಳಿ. ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಇರಲಿ.

ತಳದಲ್ಲಿಡುವುದೆಂದರೆ ತಳದ ನೀರಿನಲ್ಲಿಡುವುದಲ್ಲ. ಅಳಿವೆಯ ಉಪ್ಪುನೀರು ಸೀಸದ ಬ್ಯಾಟರಿಯ ಆಮ್ಲಕ್ಕೆ ಸೇರಿದರೆ ವಿಷಾನಿಲ ಕ್ಲೋರಿನ್ ಹುಟ್ಟಬಹುದು. ಚಾರ್ಜ್ ಆಗುವಾಗ ಜಲಜನಕವೂ ಹೊರಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಒಂದು ಕಿಡಿ ಸಾಕು. ನಾಲ್ಕು ಬೆರಳು ಎತ್ತರದ ಹಲಗೆಯ ಮೇಲೆ, ಮೇಲ್ಭಾಗದಲ್ಲಿ ಗಾಳಿ ಕಿಂಡಿಯಿರುವ ಪೆಟ್ಟಿಗೆಯೊಳಗೆ ಇಟ್ಟು, ಪಟ್ಟಿಯಿಂದ ಬಿಗಿಯಬೇಕು. ದೋಣಿ ವಾಲಿದಾಗ ಜಾರುವ ಬ್ಯಾಟರಿ ವಾಲಿದ ಬದಿಗೇ ಭಾರ ಸೇರಿಸುತ್ತದೆ.

ಮೊಳೆ ಹೊಡೆಯುವ ಮುನ್ನ ಬ್ಯಾಟರಿಯಷ್ಟೇ ತೂಕದ ಮರಳಿನ ಚೀಲಗಳನ್ನು ದೋಣಿಯಲ್ಲಿಟ್ಟು, ದಿನವೂ ಕೂರುವವರು ತಮ್ಮ ಜಾಗದಲ್ಲೇ ಕೂತು, ತಿಳಿನೀರಿನಲ್ಲಿ ಮೂತಿ ಮತ್ತು ಹಿಂತುದಿ ಎಷ್ಟೆಷ್ಟು ಮುಳುಗಿವೆಯೆಂದು ದಡದಲ್ಲಿ ನಿಂತವರೊಬ್ಬರಿಂದ ಗುರುತಿಸಿಕೊಳ್ಳಿ. ಚೀಲ ಆಚೀಚೆ ಸರಿಸಿ ದೋಣಿ ಸಮನಾದ ಜಾಗಕ್ಕೇ ಪೆಟ್ಟಿಗೆ ಕೂರಿಸಿ.