ಫಾರ್ಮ್ಯಾಟ್ ಹೊಡಿಸಬ್ಯಾಡ್ರಿ ಮಾಮಾ!

ಪಂಚಮಿಗೆ ಇನ್ನೆರಡು ದಿನ ಇತ್ತು. ಬೆಂಗಳೂರಿನಲ್ಲಿ ಮೀಟಿಂಗ್ ಮುಗಿಸಿ ಎದ್ದೇಳುವಷ್ಟರಲ್ಲಿ ರೋಣದಿಂದ ಮಾಮಾನ ಫೋನ್.

“ಏ ತಮ್ಮಾ, ಕಂಪ್ಯೂಟರ್ ಚಾಲೂನ ಆಗವಲ್ದು. ಕರೇ ಪರದೆ ಮ್ಯಾಲ ಇಂಗ್ಲಿಷ್‌ನ್ಯಾಗ ಎರಡು ಸಾಲು ಬಂದು ನಿಂತ್ಬಿಡ್ತೈತಿ. ಅಂಗಡಿಯವ ಫಾರ್ಮ್ಯಾಟ್ ಹೊಡೀಬೇಕು ಅಂದಾನ. ಹೊಡಿಸ್ಲೇನು?”

“ಬ್ಯಾಡ್ರಿ ಮಾಮಾ! ಪ್ಲಗ್ ತಗದು ಹಂಗ ಇಡ್ರಿ. ಹಬ್ಬಕ್ಕ ಬರಾಕತ್ತೇನಲ್ಲ, ನಾನ ನೋಡ್ತೇನಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, “ಅದರಾಗ ಅವ್ವನ ಹಾಡು ಅದಾವಲೋ” ಅಂದರು.

ಮಾಮಾನ ಅವ್ವ ಅಂದರೆ ನನ್ನ ಆಯಿ. ತವರು ಗಜೇಂದ್ರಗಡದ ನೇಕಾರರ ಮನೆ. ಬೀಸೋ ಪದ, ಸೋಬಾನ ಪದ, ಪಂಚಮಿಯ ಜೋಕಾಲಿ ಪದ, ಎಲ್ಲ ಬಾಯಲ್ಲೇ ಇದ್ದವು. ಸಾಲಿ ಮಾಸ್ತರರಾಗಿದ್ದ ಮಾಮಾ ನಿವೃತ್ತಿಯಾದ ಮೇಲೆ ಅವನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಒಟ್ಟು 41 ಹಾಡು. ಅವುಗಳ ಸಾಹಿತ್ಯವನ್ನು ನುಡಿಯಲ್ಲಿ ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ಆ ಫೋನ್ ಕೆಟ್ಟು ಗುಜರಿಗೆ ಹೋಯಿತು. ಎರಡು ವರ್ಷದ ಹಿಂದೆ ಆಯಿಯೂ ಹೋದಳು. ಇದ್ದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ.

ನಾಚಿಕೆಯ ವಿಷಯ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಸರ್ವರುಗಳ ಬ್ಯಾಕಪ್ ನೋಡಿಕೊಳ್ಳುವುದೇ ನನ್ನ ಕೆಲಸ. “ನಿಮ್ದೂ ಒಂದು ಬ್ಯಾಕಪ್ ಮಾಡಿಕೊಡ್ತೇನಿ ಮಾಮಾ” ಎಂದು ಮೂರು ಪಂಚಮಿಗಳಿಂದ ಹೇಳುತ್ತಲೇ ಬಂದಿದ್ದೆ. ಪ್ರತಿ ಸಲ ಉಂಡಿ ತಿಂದು ವಾಪಸ್ ಬಸ್ ಹತ್ತಿದ್ದೆ.

ಬೂಟ್ ಆಗದಿರುವುದು ಬೇರೆ, ಫೈಲ್ ಹೋಗುವುದು ಬೇರೆ

ಕಂಪ್ಯೂಟರ್ ಆನ್ ಆಗಲಿಲ್ಲ ಎಂದ ಕೂಡಲೇ ಎಲ್ಲ ಹೋಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ವಿಂಡೋಸ್ ಶುರುವಾಗಲು ಬೇಕಾದ ಕೆಲವು ಫೈಲುಗಳು ಕೆಟ್ಟರೆ ಸಾಕು, ಯಂತ್ರ ಅಲ್ಲೇ ನಿಲ್ಲುತ್ತದೆ. ಆದರೆ ಅದೇ ಡಿಸ್ಕಿನ ಬೇರೆ ಜಾಗದಲ್ಲಿ ನಿಮ್ಮ ಫೋಟೊ, ಹಾಡು, ಕಾಗದಪತ್ರ ಇದ್ದ ಹಾಗೇ ಇರಬಹುದು. ಬಾಗಿಲು ಕೆಟ್ಟಿದೆ ಎಂದು ಯಾರೂ ಮನೆ ಕೆಡವುವುದಿಲ್ಲವಲ್ಲ.

ಅಪಾಯ ಬರುವುದು ರಿಪೇರಿಯಿಂದ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದರೆ ಅದು ಹಳೆಯ ಫೈಲುಗಳ ಮೇಲೆಯೇ ಬರೆಯುತ್ತದೆ. ಡಿಸ್ಕೇ ಸಾಯುತ್ತಿದ್ದರೆ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವುದೂ ಗಂಡಾಂತರ. ಹಾಗಾಗಿ ಕ್ರಮ ಒಂದೇ: ಮೊದಲು ನಕಲು, ಆಮೇಲೆ ರಿಪೇರಿ.

ಪೆನ್‌ಡ್ರೈವಿನಿಂದ ಲಿನಕ್ಸ್

ನರಗುಂದದ ನಮ್ಮ ಮನೆಯಲ್ಲಿ ರಾತ್ರಿಯೇ ಒಂದು ಪೆನ್‌ಡ್ರೈವಿಗೆ ಉಬುಂಟು ಲಿನಕ್ಸ್ ಹಾಕಿಕೊಂಡೆ. ಬೆಳಗ್ಗೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಿಡಿದು ರೋಣದ ಬಸ್ ಹತ್ತಿದೆ. ಕಂಪ್ಯೂಟರ್ ಆನ್ ಮಾಡಿ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ (ಎಫ್12, ಎಫ್9 ಅಥವಾ ಎಸ್ಕೇಪ್ ಕೀ, ಕಂಪನಿಗೊಂದು ಥರ), ಇನ್‌ಸ್ಟಾಲ್ ಒತ್ತದೆ ‘ಟ್ರೈ ಉಬುಂಟು’ ಒತ್ತಿದೆ. ಹಳೆಯ ಡಿಸ್ಕನ್ನು ಮುಟ್ಟದೆಯೇ ಕಂಪ್ಯೂಟರ್ ಎದ್ದು ಕೂತಿತು. ಇಂಟರ್‌ನೆಟ್‌ಗೆ ನನ್ನ ಫೋನನ್ನೇ ಕೇಬಲ್‌ನಿಂದ ಜೋಡಿಸಿದೆ.

ಇಲ್ಲೊಂದು ಎಚ್ಚರ. ಫೈಲ್ ಮ್ಯಾನೇಜರಿನಲ್ಲಿ ಹಳೆಯ ಡಿಸ್ಕ್ ಕಾಣಿಸುತ್ತದೆ, ಕೈ ತುರಿಸುತ್ತದೆ. ಕ್ಲಿಕ್ ಮಾಡಬೇಡಿ. ತೆರೆದರೆ ಅದರ ಮೇಲೆ ಬರೆಯುವ ಅವಕಾಶವೂ ತೆರೆದುಕೊಳ್ಳುತ್ತದೆ.

ಟರ್ಮಿನಲ್ ತೆರೆದು ಮೊದಲು ‘ಎಲ್ಎಸ್‌ಬಿಎಲ್‌ಕೆ’ ಎಂಬ ಕಮಾಂಡ್ ಕೊಟ್ಟೆ. ಯಾವ ಯಾವ ಡಿಸ್ಕ್ ಇವೆ, ಎಷ್ಟು ದೊಡ್ಡವು ಎಂದು ಪಟ್ಟಿ ಬರುತ್ತದೆ. ಮಾಮಾನ 500 ಜಿಬಿ ಡಿಸ್ಕ್ ಅಲ್ಲಿ 465.8 ಎಂದೂ, ನನ್ನ 1 ಟಿಬಿ ಡಿಸ್ಕ್ 931.5 ಎಂದೂ ಕಂಡವು. ಲೆಕ್ಕ ಹಾಕುವ ಪದ್ಧತಿ ಬೇರೆ, ಅಷ್ಟೇ. ಈ ಹೆಸರುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಯಾವುದರಿಂದ, ಯಾವುದಕ್ಕೆ ಎನ್ನುವುದು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ.

ಶೇಂಗಾ ಕೀಳುವ ಹಾಗೆ

ಡಿಸ್ಕ್ ಆರೋಗ್ಯವಾಗಿದ್ದರೆ ಅದನ್ನು ‘ಓದಲು ಮಾತ್ರ’ ಮೌಂಟ್ ಮಾಡಿ, ‘ಆರ್‌ಸಿಂಕ್’ ಕಮಾಂಡಿನಿಂದ ಫೋಲ್ಡರುಗಳನ್ನು ನಕಲು ಮಾಡಿದರೆ ಮುಗಿಯಿತು. ಮಾಮಾನ ಡಿಸ್ಕ್ ಮಾತ್ರ ನಡುನಡುವೆ ತಡವರಿಸುತ್ತಿತ್ತು. ಇಂಥದ್ದಕ್ಕೆ ‘ಡಿಡಿರೆಸ್ಕ್ಯೂ’ ಇದೆ. ಗ್ನೂ ಯೋಜನೆಯ ಉಚಿತ ಸಾಧನ, ಬರೆದವರು ಆಂಟೋನಿಯೊ ಡಿಯಾಸ್ ಡಿಯಾಸ್. ಉಬುಂಟುವಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಮಾತ್ರ ಹೆಸರಿನ ಮುಂದೆ ಇನ್ನೊಂದು ‘ಜಿ’ ಸೇರಿಸಬೇಕು.

ಸಾಮಾನ್ಯ ಕಾಪಿ ಕೆಟ್ಟ ಜಾಗ ಬಂದಲ್ಲಿ ಸಿಕ್ಕಿಬೀಳುತ್ತದೆ. ಡಿಡಿರೆಸ್ಕ್ಯೂ ಕೆಟ್ಟ ಜಾಗವನ್ನು ಗುರುತು ಮಾಡಿ ಬಿಟ್ಟು ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ತರುತ್ತದೆ, ಆಮೇಲೆ ಬಿಟ್ಟ ಜಾಗಕ್ಕೆ ವಾಪಸ್ ಬರುತ್ತದೆ. ಇದನ್ನು ಹೇಳಿದಾಗ ಮಾಮಾ, “ಹಸೀ ನೆಲದಾಗಿನ ಶೇಂಗಾ ಮೊದಲ ಕಿತ್ತು, ಗಟ್ಟಿ ನೆಲಕ್ಕ ಆಮ್ಯಾಲ ಬರೂದು. ಹೌದಿಲ್ಲೋ?” ಅಂದರು. ಅಷ್ಟೇ.

ಈ ಕಮಾಂಡಿಗೆ ಮೂರು ಹೆಸರು ಕೊಡಬೇಕು, ಇದೇ ಕ್ರಮದಲ್ಲಿ: ಹಳೆಯ ಡಿಸ್ಕ್, ಅದರ ಪೂರ್ತಿ ಪ್ರತಿಯಾಗುವ ಇಮೇಜ್ ಫೈಲ್, ಎಲ್ಲಿವರೆಗೆ ಬಂದೆ ಎಂದು ಬರೆದಿಡುವ ಮ್ಯಾಪ್ ಫೈಲ್. ಮೊದಲ ಸುತ್ತಿಗೆ ‘ಡ್ಯಾಶ್ ಎನ್’ ಸೇರಿಸಿದರೆ ಗಟ್ಟಿ ನೆಲವನ್ನು ಕೆದಕುವುದಿಲ್ಲ. ಎರಡನೇ ಸುತ್ತಿಗೆ ‘ಡ್ಯಾಶ್ ಆರ್ 3’ ಕೊಟ್ಟರೆ ಕೆಟ್ಟ ಜಾಗವನ್ನು ಮತ್ತೆ ಮೂರು ಸಲ ಪ್ರಯತ್ನಿಸುತ್ತದೆ. ‘ಫೋರ್ಸ್’ ಬೇಕು ಎಂದು ಕೇಳಿತೋ, ಕೈ ತೆಗೆಯಿರಿ. ಇಮೇಜ್ ಫೈಲಿನ ಜಾಗದಲ್ಲಿ ಇಡೀ ಡಿಸ್ಕಿನ ಹೆಸರು ಕೊಟ್ಟಿದ್ದೀರಿ ಎಂದರ್ಥ. ನಕಲು ಇಡುವ ಡಿಸ್ಕ್ ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ನಿಲ್ಲುವುದಿಲ್ಲ.

ಹಳೆಯ ಯಂತ್ರ, ನಿಧಾನದ ಯುಎಸ್‌ಬಿ. ಮೂರು ತಾಸು ಓಡಿತ್ತು. ಅತ್ತಿ ಅಳ್ಳಿಟ್ಟು ತಂದು ಮುಂದಿಟ್ಟರು, ಅಷ್ಟರಲ್ಲಿ ಕರೆಂಟ್ ಹೋಯಿತು.

ಮಾಮಾನ ಮುಖ ನೋಡಲಾಗಲಿಲ್ಲ. ಆದರೆ ಇಮೇಜ್, ಮ್ಯಾಪ್ ಎರಡನ್ನೂ ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಟ್ಟಿದ್ದೆ. ಪೆನ್‌ಡ್ರೈವ್ ಲಿನಕ್ಸಿನ ಹೋಮ್ ಫೋಲ್ಡರ್ ಇರುವುದು ರ‍್ಯಾಮಿನಲ್ಲಿ, ಅಲ್ಲಿಟ್ಟಿದ್ದರೆ ಕರೆಂಟಿನ ಜೊತೆಗೇ ಹೋಗುತ್ತಿತ್ತು. ಕರೆಂಟ್ ಬಂದ ಮೇಲೆ ಅದೇ ಕಮಾಂಡ್ ಮತ್ತೆ ಕೊಟ್ಟೆ. ಬಿಟ್ಟಲ್ಲಿಂದಲೇ ಶುರುವಾಯಿತು.

ಸಿಕ್ಕಿತು, ಆದರೆ ಓದಲು ಬರಲಿಲ್ಲ

ರಾತ್ರಿ ಹೊತ್ತಿಗೆ ಇಮೇಜ್ ಸಿದ್ಧವಾಯಿತು. ‘ಲೋಸೆಟಪ್’ ಕಮಾಂಡಿನಿಂದ ಅದನ್ನೇ ಒಂದು ಡಿಸ್ಕಿನಂತೆ ತೋರಿಸಿ, ಓದಲು ಮಾತ್ರ ಮೌಂಟ್ ಮಾಡಿ, ಆರ್‌ಸಿಂಕ್‌ನಿಂದ ಫೈಲುಗಳನ್ನು ಹೊರತೆಗೆದೆ. ಒಂದೂ ಎರರ್ ಇಲ್ಲ. ಇದನ್ನು ನಂಬಬೇಡಿ. ಓದಲಾಗದ ಜಾಗಗಳು ಇಮೇಜಿನಲ್ಲಿ ಬರೀ ಸೊನ್ನೆಗಳಾಗಿ ಕೂತಿರುತ್ತವೆ, ಆರ್‌ಸಿಂಕ್‌ಗೆ ಅದು ಗೊತ್ತಾಗುವುದಿಲ್ಲ. ತೆರೆದು ನೋಡಬೇಕು, ಕೇಳಬೇಕು.

ಹಾಡಿನ ಸಾಹಿತ್ಯದ ಫೈಲ್ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಇಲ್ಲ! ಸಾಲು ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಇದು ಡಿಸ್ಕಿನ ದೋಷವಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಕಾಣುತ್ತದೆ. ನುಡಿ ಫಾಂಟ್ ಹಾಕಿದೆ, ಕನ್ನಡ ಬಂತು. ಆಮೇಲೆ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಟ್ಟೆ. ನಿಮ್ಮ ಮನೆಯಲ್ಲೂ ಇಂಥ ಫೈಲುಗಳಿದ್ದರೆ ‘ಕೆಟ್ಟಿದೆ’ ಎಂದು ಅಳಿಸಬೇಡಿ.

ನಿಮ್ಮ ಹೊಸ ಲ್ಯಾಪ್‌ಟಾಪಿನ ಮಾತು

ಈಗಿನ ಬಹುತೇಕ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ. 48 ಅಂಕಿಗಳ ರಿಕವರಿ ಕೀ ಇಲ್ಲದಿದ್ದರೆ ಲಿನಕ್ಸೂ ಏನೂ ಮಾಡಲಾರದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ, ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಇನ್ನು, ಹಾರ್ಡ್‌ಡಿಸ್ಕ್ ‘ಟಕ್ ಟಕ್’ ಎಂದು ಸದ್ದು ಮಾಡುತ್ತಿದ್ದರೆ ಯಾವ ಕಮಾಂಡೂ ಬೇಡ. ಆರಿಸಿ, ಡೇಟಾ ರಿಕವರಿ ಮಾಡುವವರಿಗೇ ಕೊಡಿ.

39 ಹಾಡು

ಪಂಚಮಿ ದಿನ ಬೆಳಗ್ಗೆ ಎಲ್ಲರೂ ಕೂತು ಒಂದೊಂದೇ ಹಾಡು ಕೇಳಿದೆವು. ಆಯಿಯ ದನಿಯ ಹಿಂದೆ ತವರಿನ ಮಗ್ಗದ ಸದ್ದೂ ಇತ್ತು. 41ರಲ್ಲಿ 39 ಪೂರ್ತಿ ಸಿಕ್ಕಿದ್ದವು. ಒಂದು ಜೋಕಾಲಿ ಪದ ಅರ್ಧಕ್ಕೆ ನಿಂತಿತು. ಅದರ ಸಾಹಿತ್ಯ ಟೈಪಾಗಿತ್ತು, ಅತ್ತಿ ಓದಿ ಹಾಡಿದರು. ಇನ್ನೊಂದು ಬೀಸೋ ಪದ ತೆರೆಯಲೇ ಇಲ್ಲ. ಅದನ್ನು ಮಾಮಾ ಇನ್ನೂ ಟೈಪ್ ಮಾಡಿರಲಿಲ್ಲ. “ಮುಂದಿನ ವಾರ ಮಾಡೂನು ಅಂತ ಬಿಟ್ಟಿದ್ದೆ” ಅಂದರು. ನಾನೂ ಹಾಗೆಯೇ ಬಿಟ್ಟವನು, ಏನು ಹೇಳಲಿ?

ಈಗ ಆ ಹಾಡುಗಳು ಮೂರು ಕಡೆ ಇವೆ: ರೋಣದಲ್ಲಿ ಮಾಮಾನ ಹೊಸ ಡಿಸ್ಕಿನಲ್ಲಿ, ಗಜೇಂದ್ರಗಡದಲ್ಲಿ ಆಯಿಯ ತವರಿನ ಕಪಾಟಿನಲ್ಲಿಟ್ಟ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಆನ್‌ಲೈನಿನ ಕ್ಲೌಡ್‌ನಲ್ಲಿ. 3-2-1 ಎನ್ನುವ ಹಳೆಯ ನಿಯಮವೂ ಇದೇ: ಮೂರು ಪ್ರತಿ, ಎರಡು ಥರದ ಜಾಗ, ಒಂದು ಮನೆಯಿಂದ ಹೊರಗೆ.

ಡಿಡಿರೆಸ್ಕ್ಯೂ ಇಡೀ ದಿನ ತೆಗೆದುಕೊಂಡಿತು. ಮೂರು ವರ್ಷದ ಹಿಂದೆಯೇ ಬ್ಯಾಕಪ್ ಮಾಡಿದ್ದರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು, 41 ಹಾಡೂ ಇರುತ್ತಿದ್ದವು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ “ಊಟ ಆಯ್ತೇನು” ಎಂದು ಕೇಳಿದ ಮೇಲೆ ಇನ್ನೊಂದು ಮಾತು ಕೇಳಿ: “ಹಳೇ ಫೋಟೊ, ಹಾಡು ಎಲ್ಲಾ ಎಲ್ಲಿಟ್ಟೀರಿ? ಇನ್ನೊಂದು ಕಡೆ ಐತೇನು?”